40 ಪಂದ್ಯಕ್ಕೇ ಮುಗಿದ ವೃತ್ತಿ: ಎನ್‌ಎಫ್‌ಎಲ್ ಲೈನ್‌ಮನ್‌ಗಳು ಯಾಕೆ ಇಷ್ಟು ಬೇಗ ಆಟ ಬಿಡ್ತಾರೆ?

2017ರ ಜುಲೈ 27. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್ ತಂಡದವರೆಲ್ಲ ಆ ವರ್ಷದ ತರಬೇತಿ ಶಿಬಿರಕ್ಕೆ ಸೇರಿದ್ದರು. ಮೊದಲ ಪೂರ್ತಿ ಅಭ್ಯಾಸ ಶುರುವಾಗಬೇಕು, ಅಷ್ಟರಲ್ಲಿ ತಂಡದ ಲೈನ್‌ಮನ್ ಜಾನ್ ಅರ್ಶೆಲ್ ಕೋಚ್‌ಗೆ ಫೋನ್ ಮಾಡಿ ಇನ್ನು ಆಡಲ್ಲ ಅಂದುಬಿಟ್ಟರು. ವಯಸ್ಸು 26. ಆಡಿದ್ದು ಮೂರು ಸೀಸನ್, 40 ಪಂದ್ಯ. ಅದರಲ್ಲಿ ಶುರುವಿನಿಂದಲೇ ಮೈದಾನಕ್ಕೆ ಇಳಿದದ್ದು 13 ಪಂದ್ಯಗಳಲ್ಲಿ ಮಾತ್ರ.

ಅರ್ಶೆಲ್ ಆಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಗಣಿತದ ಪಿಎಚ್‌ಡಿ ಕೂಡ ಮಾಡುತ್ತಿದ್ದರು. ಹಾಗಾಗಿ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿ. ಗಣಿತಜ್ಞ ಫುಟ್‌ಬಾಲ್ ಬಿಟ್ಟ, 26ಕ್ಕೇ ನಿವೃತ್ತಿ ಅಂತೆಲ್ಲ ಬರೆದರು. ನನಗೆ ಇದರಲ್ಲಿ ಕಾಣುವ ವಿಶೇಷ ಬೇರೆ. ಮೂರು ವರ್ಷದ ವೃತ್ತಿ ಅನ್ನೋದು ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅಪರೂಪವೇ ಅಲ್ಲ. ಆಟಗಾರರ ಸಂಘ ಹೇಳುವ ಸರಾಸರಿಯೇ ಸುಮಾರು 3.3 ವರ್ಷ. ಅಪರೂಪ ಅಂದರೆ, ಸಾಕು ಅನ್ನುವ ತೀರ್ಮಾನವನ್ನು ಆಟಗಾರನೇ ತೆಗೆದುಕೊಂಡದ್ದು. ಹೆಚ್ಚಿನವರಿಗೆ ಆ ಅವಕಾಶ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಅಂತ ಅರ್ಥವಾಗಬೇಕಾದರೆ ಆ ಕೆಲಸ ಏನು, ಆ ದುಡ್ಡಿನ ಲೆಕ್ಕ ಏನು, ಆ ಮೈಗೆ ಏನಾಗುತ್ತದೆ, ಮೂರನ್ನೂ ನೋಡಬೇಕು.

ಮೊದಲು ಕೆಲಸ. ಒಂದೊಂದು ತಂಡದಿಂದ 11 ಜನ ಮೈದಾನದಲ್ಲಿರುತ್ತಾರೆ. ಚೆಂಡು ಇರುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ದಾಟಿದರೆ ಮತ್ತೆ ನಾಲ್ಕು. ಆ ತಂಡದ ಮುಂಭಾಗದಲ್ಲಿ ಐದು ಜನ ಭಾರಿ ಆಳುಗಳು ಸಾಲಾಗಿ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಇವರೇ ಅಫೆನ್ಸಿವ್ ಲೈನ್. ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ತನಕ ಅವನ ಮೈಮೇಲೆ ಯಾರೂ ಬೀಳದ ಹಾಗೆ ತಡೆಯುವುದು, ಇಲ್ಲವೇ ಚೆಂಡು ಹಿಡಿದು ಓಡುವವನಿಗೆ ಎದುರಾಳಿಗಳನ್ನು ತಳ್ಳಿ ದಾರಿ ಮಾಡಿಕೊಡುವುದು, ಇಷ್ಟೇ ಇವರ ಕೆಲಸ. 50ರಿಂದ 79ರ ಒಳಗಿನ ನಂಬರಿನ ಜೆರ್ಸಿ ಹಾಕುತ್ತಾರೆ. ಸಾಮಾನ್ಯವಾಗಿ ಮುಂದಕ್ಕೆ ಎಸೆದ ಚೆಂಡನ್ನು ಇವರು ಹಿಡಿಯುವ ಹಾಗಿಲ್ಲ. ಅಂದ ಮೇಲೆ ಅಂಕ ಗಳಿಸುವ ಪ್ರಶ್ನೆಯೇ ಹೆಚ್ಚುಕಡಿಮೆ ಇಲ್ಲ. ಕಬಡ್ಡಿಯಲ್ಲಿ ರೈಡರ್ ಹೆಸರು ಊರಿಗೆಲ್ಲ ಗೊತ್ತಿದ್ದು, ಕಾರ್ನರ್‌ನಲ್ಲಿ ಕಾಲು ಹಿಡಿದವನ ಹೆಸರು ಆಟ ಬಲ್ಲವರಿಗೆ ಮಾತ್ರ ಗೊತ್ತಿರುತ್ತಲ್ಲ, ಇಲ್ಲೂ ಹಾಗೇ. ಲೈನ್‌ಮನ್‌ನ ನಂಬರ್ ಇಡೀ ಸ್ಟೇಡಿಯಮ್ಮಿಗೆ ಕೇಳುವುದು ಬಹುತೇಕ ಒಂದೇ ಸಂದರ್ಭದಲ್ಲಿ. ಅವನು ಎದುರಾಳಿಯನ್ನು ಹಿಡಿದೆಳೆದ ಅಂತ ರೆಫರಿ ಮೈಕಿನಲ್ಲಿ ಹೇಳಿ, ತಂಡವನ್ನು 10 ಗಜ ಹಿಂದಕ್ಕೆ ಕಳಿಸಿದಾಗ.

ಒಂದೇ ಒಂದು ಸ್ನ್ಯಾಪ್, ಅಂದರೆ ಸೆಂಟರ್ ಚೆಂಡು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದು ಸಲದ ಆಟ, ಹತ್ತಿರದಿಂದ ನೋಡಿ. ಗಾರ್ಡ್ ಒಂದು ಕೈ ನೆಲಕ್ಕೆ ಊರಿ, ಸೊಂಟ ತಗ್ಗಿಸಿ, ಮಂಡಿ ಬಗ್ಗಿಸಿ ಕೂತಿದ್ದಾನೆ. ಅವನ ಹೆಲ್ಮೆಟ್ಟಿಗೂ ಎದುರಿನವನ ಹೆಲ್ಮೆಟ್ಟಿಗೂ ನಡುವೆ ಇರುವುದು ಹೆಚ್ಚುಕಡಿಮೆ ಒಂದು ಚೆಂಡಿನ ಉದ್ದದಷ್ಟು ಜಾಗ. ಕ್ವಾರ್ಟರ್‌ಬ್ಯಾಕ್ ಕೂಗುವ ಸಂಕೇತ ಕಿವಿಗೆ ಬೀಳಬೇಕು. ಎದುರಾಳಿಗಳು ಕೊನೇ ಗಳಿಗೆಯಲ್ಲಿ ಜಾಗ ಬದಲಿಸಿದರೆ ಯಾರು ಯಾರನ್ನು ತಡೆಯಬೇಕು ಅಂತ ಪಕ್ಕದವನ ಜೊತೆ ಒಂದೆರಡು ಪದದಲ್ಲಿ ಮಾತಾಗಬೇಕು. ಚೆಂಡು ಕದಲುವ ಮುಂಚೆ ಮೈ ಅಲುಗಿದರೆ 5 ಗಜ ದಂಡ. ಸೆಂಟರ್ ಚೆಂಡನ್ನು ಕಾಲ ನಡುವಿನಿಂದ ಹಿಂದಕ್ಕೆ ಕೊಟ್ಟ ಕೂಡಲೇ 140 ಕೆಜಿಯ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಕೈ ಎದುರಿನವನ ಎದೆಯ ಒಳಭಾಗಕ್ಕೇ ಬೀಳಬೇಕು, ಭುಜಕ್ಕೆ ಬಿದ್ದರೆ ಅವನು ತಿರುಗಿಸಿಕೊಂಡು ಹೋಗಿಬಿಡುತ್ತಾನೆ. ಇದೆಲ್ಲ ಎರಡೂವರೆ ಮೂರು ಸೆಕೆಂಡಿನ ಕೆಲಸ. ಆಮೇಲೆ ಎದ್ದು, ಉಸಿರು ತಗೊಂಡು, ಮತ್ತೆ ಅದೇ ಜಾಗಕ್ಕೆ ಬಂದು ಕೂರಬೇಕು. ಒಂದು ಪಂದ್ಯದಲ್ಲಿ ಹೀಗೆ 60, 70 ಸಲ. ಚೆಂಡು ಹಿಡಿಯುವವರಿಗೆ ಕೆಲವು ಸಲ ಯಾರೂ ಮುಟ್ಟದೆಯೂ ಆಟ ಮುಗಿಯುತ್ತದೆ. ಲೈನ್‌ಮನ್‌ಗೆ ಡಿಕ್ಕಿ ಇಲ್ಲದ ಸ್ನ್ಯಾಪ್ ಬಹಳ ಕಮ್ಮಿ.

ಇನ್ನು ಈ ಜಾಗಕ್ಕೆ ಬರುವುದು ಹೇಗೆ, ಉಳಿಯುವುದು ಹೇಗೆ ಅಂತ ನೋಡೋಣ. ಹೈಸ್ಕೂಲ್ ಮುಗಿದು ಮೂರು ವರ್ಷ ಆಗದೆ ಎನ್‌ಎಫ್‌ಎಲ್‌ಗೆ ಬರುವ ಹಾಗಿಲ್ಲ. ಹಾಗಾಗಿ ಬಹುತೇಕ ಎಲ್ಲರೂ ಕಾಲೇಜಿನಲ್ಲಿ ಆಡಿಯೇ ಬರುತ್ತಾರೆ, ಬರುವ ಹೊತ್ತಿಗೆ 21ರಿಂದ 23 ವಯಸ್ಸು. ಅರ್ಶೆಲ್ ಆಡಿದ್ದು ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಅಲ್ಲೇ ಗಣಿತದಲ್ಲಿ ಮಾಸ್ಟರ್ಸ್ ಮುಗಿಸಿ, ಆಡುತ್ತಿದ್ದ ಕಾಲದಲ್ಲೇ ಕೆಳಗಿನ ತರಗತಿಗಳಿಗೆ ಪಾಠವನ್ನೂ ಮಾಡಿದ್ದರು. ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2014ರ ಡ್ರಾಫ್ಟ್‌ನಲ್ಲಿ ರೇವನ್ಸ್ ಅವರನ್ನು ಐದನೇ ಸುತ್ತಿನಲ್ಲಿ ಆರಿಸಿತು, ಒಟ್ಟಾರೆ 175ನೆಯವರಾಗಿ. ಡ್ರಾಫ್ಟ್‌ನಲ್ಲಿರುವುದು ಏಳು ಸುತ್ತು. ಐದನೇ ಸುತ್ತಿನವನು ಅಂದರೆ ಪ್ರತಿಭೆ ಇದೆ, ಆದರೆ ಜಾಗ ಖಾತ್ರಿ ಇಲ್ಲ ಅಂತ ಅರ್ಥ.

ಜಾಗದ ಲೆಕ್ಕ ಬಹಳ ಕಠಿಣ. ಬೇಸಿಗೆಯಲ್ಲಿ ಒಂದು ತಂಡದಲ್ಲಿ 90 ಜನರ ತನಕ ಇರಬಹುದು. ಸೆಪ್ಟೆಂಬರ್ ಪಂದ್ಯಗಳಿಗೆ ಉಳಿಯುವುದು 53. ಅಂದರೆ ಆಗಸ್ಟ್ ಕೊನೆಗೆ ಒಂದೊಂದು ತಂಡ 37 ಜನರನ್ನು ಬಿಡಬೇಕು. ತಂಡಗಳು 32. ಹೆಚ್ಚುಕಡಿಮೆ 1,200 ಜನ ಕೆಲಸ ಕಳಕೊಳ್ಳುವ ವಾರ ಅದು. ಕೆಲವರು ಪ್ರಾಕ್ಟೀಸ್ ಸ್ಕ್ವಾಡ್ ಅನ್ನುವ ಕಾಯುವ ಪಟ್ಟಿಗೆ ಸೇರುತ್ತಾರೆ, ವಾರದ ಕೂಲಿ ಸಿಗುತ್ತದೆ, ಪಂದ್ಯ ಸಿಗುವುದು ಅದೃಷ್ಟ. ಉಳಿದವರು ಊರಿಗೆ. ತಂಡದ ಸಿಬ್ಬಂದಿಯೊಬ್ಬ ಬೆಳಗ್ಗೆ ಬಂದು ಕೋಚ್ ಕರೀತಿದ್ದಾರೆ, ಪ್ಲೇಬುಕ್ (ತಂಡದ ಆಟದ ತಂತ್ರಗಳ ಪುಸ್ತಕ) ತಗೊಂಡು ಬಾ ಅಂದರೆ ಮುಗಿಯಿತು. ಆಟಗಾರರ ನಡುವೆ ಆ ಮನುಷ್ಯನಿಗೆ ಟರ್ಕ್ ಅಂತ ಅಡ್ಡಹೆಸರು. ಈಗ ಪ್ಲೇಬುಕ್ ಬದಲು ಟ್ಯಾಬ್ಲೆಟ್ ವಾಪಸ್ ಕೊಡಬೇಕು, ಅಷ್ಟೇ ವ್ಯತ್ಯಾಸ.

53ರಲ್ಲಿ ಉಳಿದರೂ ಪಂದ್ಯದ ದಿನ ಎಲ್ಲರೂ ಆಡುವ ಹಾಗಿಲ್ಲ. ಅರ್ಶೆಲ್ ಕಾಲದಲ್ಲಿ 46 ಜನರಿಗೆ ಮಾತ್ರ ಸಮವಸ್ತ್ರ. ಬಹಳ ತಂಡಗಳು ಅಫೆನ್ಸಿವ್ ಲೈನ್‌ಗೆ ಏಳು ಜನರನ್ನಷ್ಟೇ ಇಡುತ್ತಿದ್ದವು, ಐದು ಜನ ಆಡುವವರು, ಇಬ್ಬರು ಬದಲಿಗಳು. ಹಾಗಾಗಿ ಆ ಬದಲಿ ಆಟಗಾರ ಒಂದೇ ಜಾಗ ಗೊತ್ತು ಅಂದರೆ ನಡೆಯುವುದಿಲ್ಲ, ಎಡ ಗಾರ್ಡ್, ಬಲ ಗಾರ್ಡ್, ಸೆಂಟರ್ ಮೂರೂ ಬರಬೇಕು. ಅರ್ಶೆಲ್ ಆಗಿದ್ದದ್ದು ಇಂಥ ಬದಲಿಯೇ. ಮೊದಲ ವರ್ಷ 11 ಪಂದ್ಯ, ಎರಡನೇ ವರ್ಷ 16, ಮೂರನೇ ವರ್ಷ 13. ಯಾರಿಗಾದರೂ ಗಾಯ ಆದರೆ ಇವರು ಒಳಗೆ, ಅವರು ಸುಧಾರಿಸಿಕೊಂಡರೆ ಇವರು ಹೊರಗೆ. 2020ರಲ್ಲಿ ನಿಯಮ ಬದಲಾಯಿತು. ಎಂಟು ಜನ ಅಫೆನ್ಸಿವ್ ಲೈನ್‌ಮನ್‌ಗಳನ್ನು ಇಟ್ಟುಕೊಂಡರೆ 48 ಜನರಿಗೆ ಅವಕಾಶ. ಚಿಕ್ಕ ಬದಲಾವಣೆ ಅನ್ನಿಸಬಹುದು, ಆದರೆ ಆ ಎಂಟನೆಯವನಿಗೆ ಅದು ಚಿಕ್ಕದಲ್ಲ.

ಸರಾಸರಿ 3.3 ವರ್ಷ ಅಂದೆನಲ್ಲ, ಲೀಗ್ ಅದನ್ನು ಒಪ್ಪುವುದಿಲ್ಲ. ಮೊದಲ ವರ್ಷವೇ 53ರಲ್ಲಿ ಸೀಸನ್ ಶುರು ಮಾಡಿದವರನ್ನಷ್ಟೇ ಲೆಕ್ಕ ಹಾಕಿದರೆ ಸರಾಸರಿ ಸುಮಾರು ಆರು ವರ್ಷ ಬರುತ್ತದೆ ಅನ್ನುವುದು ಅವರ ವಾದ. ಎರಡೂ ಲೆಕ್ಕ ಸರಿಯೇ, ಯಾರನ್ನು ಎಣಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ನನ್ನ ಪ್ರಕಾರ ಬಂದು ಬಂದ ಹಾಗೇ ಹೋದವರನ್ನು ಬಿಟ್ಟು ಲೆಕ್ಕ ಹಾಕುವುದು ಸರಿಯಲ್ಲ. ಅವರೂ ಹತ್ತು ವರ್ಷ ಇದಕ್ಕೇ ಮೈ ಸವೆಸಿ ಬಂದವರು ತಾನೇ.

ಈಗ ದುಡ್ಡು. ಎನ್‌ಎಫ್‌ಎಲ್ ಒಪ್ಪಂದ ಅಂದರೆ ಕೋಟಿ ಕೋಟಿ ಅಂತ ಸುದ್ದಿ ಓದುತ್ತೇವೆ. ಡ್ರಾಫ್ಟ್ ಆದವರಿಗೆ ನಾಲ್ಕು ವರ್ಷದ ಒಪ್ಪಂದ, ನಿಜ. ಆದರೆ ಕೊನೇ ಸುತ್ತುಗಳವರಿಗೆ ಖಾತ್ರಿಯಾಗಿ ಕೈಗೆ ಬರುವುದು ಸಹಿ ಮಾಡುವಾಗ ಕೊಡುವ ಬೋನಸ್ ಮಾತ್ರ ಅಂದರೂ ತಪ್ಪಿಲ್ಲ. ಅರ್ಶೆಲ್ ಕಾಲದಲ್ಲಿ ಸಂಬಳ ಸೀಸನ್ ನಡೆಯುವಾಗ ವಾರವಾರ ಬರುತ್ತಿತ್ತು. ತಂಡ ಕೈಬಿಟ್ಟರೆ ಮುಂದಿನ ಚೆಕ್ ಇಲ್ಲ. 2014ರಲ್ಲಿ ಹೊಸಬನಿಗೆ ಕನಿಷ್ಠ ಸಂಬಳ ವರ್ಷಕ್ಕೆ 4.2 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 2.5 ಕೋಟಿ ರೂಪಾಯಿ. ತೆರಿಗೆ, ಏಜೆಂಟ್ ಪಾಲು ಎಲ್ಲ ಇದರಲ್ಲೇ ಹೋಗಬೇಕು. ಆದರೂ ದೊಡ್ಡ ಮೊತ್ತವೇ, ಅದರಲ್ಲಿ ಎರಡು ಮಾತಿಲ್ಲ. ಅರ್ಶೆಲ್ ಅಷ್ಟು ಸಂಬಳ ಇದ್ದಾಗಲೂ ವರ್ಷಕ್ಕೆ 25,000 ಡಾಲರ್ ಒಳಗೆ ಬದುಕುತ್ತಾ, ಹಳೇ ನಿಸ್ಸಾನ್ ವರ್ಸಾ ಕಾರು ಓಡಿಸುತ್ತಿದ್ದರು.

ವೃತ್ತಿಯನ್ನು ಮೊಟಕು ಮಾಡುವ ನಿಜವಾದ ವಿಷಯ ಈ ಕನಿಷ್ಠ ಸಂಬಳದ ಮೆಟ್ಟಿಲಿನಲ್ಲಿದೆ. ಅದೇ 2014ರಲ್ಲಿ ಒಂದು ಸೀಸನ್ ಆಡಿದವನಿಗೆ ಕನಿಷ್ಠ 4.95 ಲಕ್ಷ, ಎರಡು ಆಡಿದವನಿಗೆ 5.7, ಮೂರು ಆಡಿದವನಿಗೆ 6.45, ನಾಲ್ಕು ಆಡಿದವನಿಗೆ 7.3 ಲಕ್ಷ ಡಾಲರ್. ಅನುಭವಕ್ಕೆ ಬೆಲೆ ಕೊಡೋಣ ಅಂತ ಮಾಡಿದ್ದು. ಆದರೆ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. 2014ರಲ್ಲಿ ಅದು 13.3 ಕೋಟಿ ಡಾಲರ್. ಕ್ವಾರ್ಟರ್‌ಬ್ಯಾಕ್ ಮುಂತಾದ ನಾಲ್ಕೈದು ತಾರೆಗಳಿಗೆ ದೊಡ್ಡ ಪಾಲು ಹೋದ ಮೇಲೆ ಉಳಿದದ್ದರಲ್ಲಿ ನಲವತ್ತು ಚಿಲ್ಲರೆ ಜನರನ್ನು ಸಾಕಬೇಕು. ನಿಮ್ಮ ಮುಂದೆ ಇಬ್ಬರು ಬದಲಿ ಗಾರ್ಡ್‌ಗಳಿದ್ದಾರೆ. ಒಬ್ಬ ನಾಲ್ಕು ವರ್ಷ ಆಡಿದವ, ಮಂಡಿಗೆ ಒಂದು ಸಲ ಆಪರೇಷನ್ ಆಗಿದೆ. ಇನ್ನೊಬ್ಬ 22ರ ಹುಡುಗ, ಆಟ ಸ್ವಲ್ಪ ಕಮ್ಮಿ, ಮೈ ಹೊಸದು, ಸಂಬಳ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಯಾರನ್ನು ಇಟ್ಟುಕೊಳ್ಳುತ್ತಾರೆ ಹೇಳಿ? ಹಳಬರಿಗೆ ಅನುಕೂಲ ಆಗಲಿ ಅಂತ ಮಿತಿಯ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಡುವ ನಿಯಮ ಇದೆ, ಆದರೂ ಪ್ರತಿ ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆದು ಹೊಸ ಹುಡುಗರ ದಂಡು ಬರುವುದು ನಿಲ್ಲುವುದಿಲ್ಲ. ಇದರ ಜೊತೆ ಬಹಳ ಹೊಸಬರ ಒಪ್ಪಂದದಲ್ಲಿ, ಗಾಯದ ಪಟ್ಟಿಗೆ ಸೇರಿದರೆ ಸಂಬಳ ಇಳಿಯುತ್ತದೆ ಅನ್ನುವ ಷರತ್ತೂ ಇರುತ್ತದೆ.

ಹಾಗಾದರೆ ಮೂರನೇ ವರ್ಷದ ಮಹತ್ವ ಏನು? ಪಿಂಚಣಿ. ಒಂದು ಸೀಸನ್‌ನಲ್ಲಿ ಕನಿಷ್ಠ ಮೂರು ಪಂದ್ಯದ ಹೊತ್ತಿಗೆ ತಂಡದ ಪಟ್ಟಿಯಲ್ಲಿದ್ದರೆ ಆ ಸೀಸನ್ ಲೆಕ್ಕಕ್ಕೆ ಸೇರುತ್ತದೆ. ಅಂಥ ಮೂರು ಸೀಸನ್ ಆದರೆ ಪಿಂಚಣಿ ಹಕ್ಕು, ಆಟ ಬಿಟ್ಟ ಮೇಲೆ ಐದು ವರ್ಷ ಆರೋಗ್ಯ ವಿಮೆ. ಎರಡೇ ಸೀಸನ್‌ಗೆ ಹೊರಬಿದ್ದವನಿಗೂ ಮೂರು ಮುಗಿಸಿದವನಿಗೂ ವ್ಯತ್ಯಾಸ ಇಷ್ಟು ದೊಡ್ಡದು. ಅರ್ಶೆಲ್ ಮೂರು ಮುಗಿಸಿದ್ದರು.

ಮೈ ವಿಷಯಕ್ಕೆ ಬರೋಣ. ಲೈನ್‌ಮನ್‌ಗೆ ಮೊದಲು ಹೋಗುವುದು ಮಂಡಿ ಮತ್ತು ಕಣಕಾಲು. ಅವನು ಎದುರಿನವನನ್ನು ತಳ್ಳುತ್ತಾ ಕಾಲೂರಿ ನಿಂತಿರುವಾಗ, ಪಕ್ಕದಲ್ಲಿ ಬೇರೆ ಯಾರೋ ಇಬ್ಬರು ಗುದ್ದಾಡುತ್ತಾ ಬಂದು ಅವನ ಕಾಲಿನ ಹಿಂಭಾಗದ ಮೇಲೆ ಉರುಳುತ್ತಾರೆ. ಅವನಿಗೆ ಕಾಣಿಸುವುದೂ ಇಲ್ಲ, ಮೈ ಬಿಗಿ ಮಾಡಿಕೊಳ್ಳಲು ಸಮಯವೂ ಇಲ್ಲ. ಮಂಡಿಯ ಪಕ್ಕದ ಲಿಗಮೆಂಟ್ ಹರಿಯುವುದು ಹೀಗೇ. ಭುಜ, ಬೆರಳು, ಬೆನ್ನು, ಇವೆಲ್ಲ ದಿನನಿತ್ಯದ ಲೆಕ್ಕ.

ತೂಕ ಇನ್ನೊಂದು. 1985ರ ಶಿಕಾಗೊ ಬೇರ್ಸ್ ತಂಡದ ವಿಲಿಯಂ ಪೆರ್ರಿ 136 ಕೆಜಿ ದಾಟಿದ್ದಕ್ಕೆ ಜನ ಅವರನ್ನು ಫ್ರಿಜ್ ಅಂತಲೇ ಕರೆದರು. ಈಗ ಆ ತೂಕ ಲೈನ್‌ನಲ್ಲಿ ಸಾಮಾನ್ಯ. ಬಹಳ ಜನರಿಗೆ ಅದು ಸಹಜ ತೂಕವಲ್ಲ, ಹಸಿವಿಲ್ಲದಿದ್ದರೂ ತಿಂದು ಉಳಿಸಿಕೊಂಡದ್ದು. ಕ್ಲೀವ್‌ಲ್ಯಾಂಡ್‌ನ ಜೋ ಥಾಮಸ್ 2007ರಿಂದ ಒಂದೂ ತಪ್ಪಿಸದೆ ಸತತ 10,363 ಸ್ನ್ಯಾಪ್ ಆಡಿದವರು, ಈ ಕೆಲಸದಲ್ಲಿ ದೀರ್ಘಾಯುಷಿ ಅಂದರೆ ಅವರು. 2017ರಲ್ಲಿ ತೋಳಿನ ಸ್ನಾಯು ಹರಿದು ಆಟ ನಿಂತ ಮೇಲೆ ಎಷ್ಟು ಇಳಿದರು ಅಂದರೆ, ಟಿವಿಯಲ್ಲಿ ನೋಡಿದವರಿಗೆ ಗುರುತೇ ಹತ್ತಲಿಲ್ಲ. ಇಷ್ಟು ಭಾರದ ಮೈಗೆ ಬಿಸಿಲೂ ಶತ್ರು. 2001ರ ಜುಲೈ ಕೊನೆಯಲ್ಲಿ ಮಿನೆಸೋಟ ವೈಕಿಂಗ್ಸ್‌ನ ಟ್ಯಾಕಲ್ ಕೋರಿ ಸ್ಟ್ರಿಂಗರ್ ಶಿಬಿರದಲ್ಲಿ ಅಭ್ಯಾಸ ಮಾಡುತ್ತಲೇ ಕುಸಿದರು. ಮೈ ಬಿಸಿ 108 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಮರುದಿನ, ಆಗಸ್ಟ್ 1ರಂದು ತೀರಿಕೊಂಡರು. 27 ವಯಸ್ಸು. ಅದಾದ ಮೇಲೇ ಶಿಬಿರಗಳಲ್ಲಿ ನೀರು, ನೆರಳು, ವಿರಾಮದ ಬಗ್ಗೆ ಗಂಭೀರವಾದರು. ಅವರ ಹೆಸರಿನಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಒಂದು ಸಂಸ್ಥೆಯೇ ಇದೆ, ಬಿಸಿಲಿನ ಹೊಡೆತದಿಂದ ಆಟಗಾರರು ಸಾಯದಂತೆ ತಡೆಯುವ ಕೆಲಸ ಅದರದ್ದು.

ತಲೆಯ ವಿಷಯವೇ ಎಲ್ಲಕ್ಕಿಂತ ಭಾರ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಸೆಂಟರ್ ಆಗಿ ಹೆಸರು ಮಾಡಿದ ಮೈಕ್ ವೆಬ್‌ಸ್ಟರ್ 17 ಸೀಸನ್ ಆಡಿದರು. ಆಟ ಬಿಟ್ಟ ಮೇಲೆ ಮರೆವು, ಗೊಂದಲ, ದುಡ್ಡಿಲ್ಲ, ಮನೆಯಿಲ್ಲ. 2002ರಲ್ಲಿ 50ನೇ ವಯಸ್ಸಿಗೆ ತೀರಿಕೊಂಡರು. ನೈಜೀರಿಯಾದಿಂದ ಬಂದಿದ್ದ ಡಾಕ್ಟರ್ ಬೆನೆಟ್ ಒಮಾಲು ಅವರ ಮೆದುಳನ್ನು ಪರೀಕ್ಷಿಸಿದಾಗ ಸಿಟಿಇ ಅನ್ನುವ ಕಾಯಿಲೆ ಕಂಡಿತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು, ಟೌ ಅನ್ನುವ ಪ್ರೋಟೀನು ಮೆದುಳಿನಲ್ಲಿ ಗಂಟುಗಂಟಾಗಿ ಸೇರಿಕೊಳ್ಳುವ ಕಾಯಿಲೆ ಅದು. ಎನ್‌ಎಫ್‌ಎಲ್ ಆಟಗಾರನೊಬ್ಬನಲ್ಲಿ ಅದು ದಾಖಲಾದದ್ದು ಅದೇ ಮೊದಲು, ಆ ವರದಿ ಪ್ರಕಟವಾದದ್ದು 2005ರಲ್ಲಿ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಪ್ರಜ್ಞೆ ತಪ್ಪಿಸುವ ದೊಡ್ಡ ಏಟು, ಅಂದರೆ ಕನ್ಕಶನ್, ಎಲ್ಲರ ಕಣ್ಣಿಗೆ ಬೀಳುತ್ತದೆ. ಲೈನ್‌ಮನ್‌ಗೆ ಬೀಳುವುದು ಹೆಚ್ಚಾಗಿ ಕಣ್ಣಿಗೆ ಬೀಳದ ಚಿಕ್ಕ ಏಟುಗಳು. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಗಲುತ್ತದೆ, ಏನೂ ಆಗಲಿಲ್ಲ ಅಂತ ಎದ್ದು ಮುಂದಿನ ಸ್ನ್ಯಾಪ್‌ಗೆ ಹೋಗುತ್ತಾನೆ. ಇವು ವರ್ಷಗಟ್ಟಲೆ ಕೂಡಿಕೊಂಡರೆ ಕೆಡುಕಾಗುತ್ತದೆ ಅನ್ನುವುದಕ್ಕೆ ಈಗ ಪುರಾವೆ ಸಾಕಷ್ಟಿದೆ. 2022ರಿಂದ ಶಿಬಿರದ ಅಭ್ಯಾಸದಲ್ಲಿ ಹೆಲ್ಮೆಟ್ ಮೇಲೆ ಮೆತ್ತನೆಯ ಇನ್ನೊಂದು ಟೋಪಿ ಹಾಕಲೇಬೇಕು ಅಂತ ಲೀಗ್ ನಿಯಮ ಮಾಡಿದಾಗ, ಅದನ್ನು ಮೊದಲು ಹಾಕಬೇಕಾದವರ ಗುಂಪಿನಲ್ಲೇ ಲೈನ್‌ಮನ್‌ಗಳಿದ್ದದ್ದು ಸುಮ್ನೆ ಅಲ್ಲ.

ಅರ್ಶೆಲ್‌ಗೆ 2015ರ ಆಗಸ್ಟ್ ಶಿಬಿರದಲ್ಲಿ ತಲೆಗೆ ಜೋರಾಗಿ ಪೆಟ್ಟು ಬಿತ್ತು, ಪ್ರಜ್ಞೆಯೇ ತಪ್ಪಿತ್ತು. ಮೈದಾನಕ್ಕೆ ಮರಳಲು ಸುಮಾರು ಮೂರು ವಾರ ಹಿಡಿಯಿತು. ಮೇಲ್ಮಟ್ಟದ ಗಣಿತ ಮಾಡುವ ಶಕ್ತಿ ಮೊದಲಿನ ಹಾಗೆ ಬರಲು ಅದಕ್ಕಿಂತಲೂ ಜಾಸ್ತಿ ಸಮಯ ಬೇಕಾಯಿತು ಅಂತ ಅವರೇ ಆಮೇಲೆ ಹೇಳಿದರು. ಇದು ಯೋಚನೆಗೆ ಹಚ್ಚುವ ಮಾತು. ಆಡಲು ಯೋಗ್ಯ ಅಂತ ಡಾಕ್ಟರು ಹೇಳಿದ ದಿನವೂ ಆ ಮೆದುಳು ಪೂರ್ತಿ ಸರಿಯಾಗಿರಲಿಲ್ಲ. ಗಣಿತದ ಅಭ್ಯಾಸ ಇದ್ದದ್ದರಿಂದ ಅವರಿಗೆ ಅದು ಗೊತ್ತಾಯಿತು. ಬೇರೆ ಆಟಗಾರನಿಗೆ ಅದು ಗೊತ್ತಾಗುವುದಾದರೂ ಹೇಗೆ?

ಅಷ್ಟಾದ ಮೇಲೂ ಅವರು ಎರಡು ಸೀಸನ್ ಆಡಿದರು. 2017ರ ಜುಲೈ 25ರಂದು ಬಾಸ್ಟನ್ ವಿಶ್ವವಿದ್ಯಾಲಯದವರ ಅಧ್ಯಯನ ಹೊರಬಂತು. ತೀರಿಕೊಂಡ 111 ಎನ್‌ಎಫ್‌ಎಲ್ ಆಟಗಾರರ ಮೆದುಳು ಪರೀಕ್ಷಿಸಿದಾಗ 110ರಲ್ಲಿ ಸಿಟಿಇ. ಇದನ್ನು ಓದಿ ನೂರಕ್ಕೆ 99 ಆಟಗಾರರಿಗೆ ಈ ಕಾಯಿಲೆ ಬರುತ್ತದೆ ಅಂದುಕೊಳ್ಳುವುದು ತಪ್ಪು. ಬದುಕಿದ್ದಾಗ ತೊಂದರೆ ಕಂಡಿದ್ದವರ ಮನೆಯವರೇ ಹೆಚ್ಚಾಗಿ ಮೆದುಳು ದಾನ ಮಾಡಿರುತ್ತಾರೆ, ಅಧ್ಯಯನ ಮಾಡಿದವರೂ ಇದನ್ನು ಹೇಳಿದ್ದಾರೆ. ಆದರೂ ಆ ಅಂಕಿ ಯಾರನ್ನಾದರೂ ನಡುಗಿಸುವಂಥದ್ದು. ಅದಾಗಿ ಎರಡೇ ದಿನಕ್ಕೆ ಅರ್ಶೆಲ್ ಆಟ ಬಿಟ್ಟರು. ಎಲ್ಲರೂ ಎರಡನ್ನೂ ಜೋಡಿಸಿ ಬರೆದರು. ಅವರು ಕೊಟ್ಟ ಕಾರಣ ಬೇರೆ. ಮೊದಲ ಮಗು ಹುಟ್ಟುವುದರಲ್ಲಿದೆ, ಮತ್ತೆ ಎಂಐಟಿಯಲ್ಲಿ ಕೆಲವು ಪಾಠಗಳು ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕದ ಸೆಮಿಸ್ಟರ್‌ನಲ್ಲಿ ಮಾತ್ರ ಇರುತ್ತವೆ, ಅವನ್ನು ತೆಗೆದುಕೊಳ್ಳಬೇಕು ಅಂತ. ಫುಟ್‌ಬಾಲ್ ಸೀಸನ್ ನಡೆಯುವುದೂ ಅದೇ ತಿಂಗಳುಗಳಲ್ಲಿ. ಆಡುತ್ತಿರುವ ತನಕ ಆ ಪಾಠ ಅವರಿಗೆ ಸಿಗುವ ಹಾಗೇ ಇರಲಿಲ್ಲ. ನನಗಂತೂ ಈ ಕಾರಣ ನಂಬಲು ಕಷ್ಟವಿಲ್ಲ.

ಅವರು ಬಿಟ್ಟ ಜಾಗಕ್ಕೆ ಏನಾಯಿತು ನೋಡಿ. ಆ ವರ್ಷ ರೇವನ್ಸ್‌ನಲ್ಲಿ ಸೆಂಟರ್ ಸ್ಥಾನಕ್ಕೆ ಅರ್ಶೆಲ್ ಮತ್ತು ರಯಾನ್ ಜೆನ್ಸನ್ ನಡುವೆ ಪೈಪೋಟಿ ನಡೆಯಬೇಕಿತ್ತು. ಜೆನ್ಸನ್ 2013ರಲ್ಲಿ ಆರನೇ ಸುತ್ತಿನಲ್ಲಿ ಬಂದವರು, 2014ರಲ್ಲಿ ತಂಡ ಅವರನ್ನು ಬಿಟ್ಟು ಪ್ರಾಕ್ಟೀಸ್ ಸ್ಕ್ವಾಡ್‌ಗೆ ಇಳಿಸಿತ್ತು. 2017ರಲ್ಲಿ 16ಕ್ಕೆ 16 ಪಂದ್ಯವೂ ಸೆಂಟರ್ ಆಗಿ ಆಡಿದರು. ಮುಂದಿನ ಮಾರ್ಚ್‌ನಲ್ಲಿ ಟ್ಯಾಂಪಾ ಬೇ ತಂಡ ನಾಲ್ಕು ವರ್ಷಕ್ಕೆ 4.2 ಕೋಟಿ ಡಾಲರ್‌ಗೆ ಅವರನ್ನು ಕರೆದುಕೊಂಡಿತು. 2021ರ ಫೆಬ್ರವರಿಯಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಇದೇ ಲೆಕ್ಕದಲ್ಲಿ ಬಿದ್ದು ಮನೆಗೆ ಹೋಗಬೇಕಿದ್ದವರೊಬ್ಬರು ಒಂದೇ ಒಂದು ಪೂರ್ತಿ ಸೀಸನ್‌ನ ಅವಕಾಶದಿಂದ ಹೀಗೆ ಮೇಲೆ ಬಂದರು. ಅರ್ಶೆಲ್ ಇನ್ನೊಂದು ವರ್ಷ ನಿಂತಿದ್ದರೆ ಇಬ್ಬರಲ್ಲಿ ಯಾರಿಗೆ ಆ ಜಾಗ ಸಿಗುತ್ತಿತ್ತೋ ಹೇಳಲಾಗದು.

2022ರ ಜುಲೈ ಶಿಬಿರದಲ್ಲಿ ಜೆನ್ಸನ್ ಮಂಡಿ ಹೋಯಿತು. ಆ ಸೀಸನ್‌ನ ಪ್ಲೇಆಫ್‌ನಲ್ಲಿ ಒಂದು ಪಂದ್ಯಕ್ಕೆ ಹೇಗೋ ಮರಳಿದರು, ಅದೇ ಕೊನೆ. 2023ರ ಸೀಸನ್ ಪೂರ್ತಿ ಗಾಯದ ಪಟ್ಟಿಯಲ್ಲಿ ಕಳೆದು, 2024ರ ಶುರುವಿನಲ್ಲಿ ನಿವೃತ್ತಿ ಹೇಳಿದರು. ಅರ್ಶೆಲ್ 2021ರಲ್ಲಿ ಪಿಎಚ್‌ಡಿ ಮುಗಿಸಿ, 2023ರಿಂದ ಎಂಐಟಿಯಲ್ಲೇ ಸಹಾಯಕ ಪ್ರಾಧ್ಯಾಪಕರಾಗಿ ಗಣಿತ ಪಾಠ ಮಾಡುತ್ತಿದ್ದಾರೆ.